ಕೀಲಿಮಣೆಗೆ ಕುಂಕುಮ

ಹೇಳಿದ್ದನ್ನೇ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈಯೆಲ್ಲ ಉರಿಯುತ್ತದೆ. ಚಾಮರಾಜಪೇಟೆಯ ನಮ್ಮ ವಠಾರದಲ್ಲಿ ಅಂಥವರೇ ತುಂಬಿದ್ದರು. ಬೆಳಿಗ್ಗೆ ನಲ್ಲಿಯ ಹತ್ತಿರ ಹೇಳಿದ ಸುದ್ದಿಯನ್ನೇ ಸಂಜೆ ಜಗಲಿಯ ಮೇಲೆ ಹೇಳುತ್ತಿದ್ದರು. ಕೇಳುವವರೂ ಅದನ್ನು ಈಗಷ್ಟೇ ಕೇಳುತ್ತಿರುವವರ ಹಾಗೆ ಕಣ್ಣರಳಿಸುತ್ತಿದ್ದರು. ನಾನು "ಆಗ್ಲೇ ಹೇಳಿದ್ರಲ್ಲ" ಎಂದು ಎದ್ದು ಹೋಗುತ್ತಿದ್ದೆ. ಊಟದ ಎಲೆಯ ಮುಂದಿನಿಂದ, ಹರಿಕಥೆಯ ನಡುವಿನಿಂದ, ನೆಂಟರ ಮನೆಯ ಚಾಪೆಯಿಂದ, ಎಲ್ಲ ಕಡೆಯಿಂದಲೂ ಎದ್ದು ಹೋದವಳು ನಾನು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದಾಳೆ ಎಂದು ವಠಾರದ ಹೆಂಗಸರು ಆಡಿಕೊಂಡರೆ ಅಮ್ಮನ ಮುಖ ಸಣ್ಣದಾಗುತ್ತಿತ್ತು.

ಎಪ್ಪತ್ತರ ದಶಕದ ನಡುವಿನಲ್ಲಿ ಪಿಯುಸಿ ಮುಗಿಯುತ್ತಲೇ ನನ್ನನ್ನು ಟೈಪಿಂಗ್ ಕ್ಲಾಸಿಗೆ ಹಾಕಿದರು. ಆಗ ಚಾಮರಾಜಪೇಟೆ, ಬಸವನಗುಡಿಗಳಲ್ಲಿ ಯಾವ ರಸ್ತೆಗೆ ಹೋದರೂ ಒಂದು ಮಹಡಿಯ ಮೇಲಿಂದ ಟಕಟಕ ಸದ್ದು ಕೇಳುತ್ತಿತ್ತು. ನೌಕರಿ ಬೇಕೆನ್ನುವವರೆಲ್ಲ ಅಲ್ಲಿ ಕೂತು ಎದ್ದು ಬರಬೇಕು. ಮೇಷ್ಟ್ರು ಕೊಟ್ಟ ಮೊದಲ ಪಾಠ ಒಂದೇ ಒಂದು ಸಾಲು. ಎಡಗೈಗೆ ಎ ಎಸ್ ಡಿ ಎಫ್, ಬಲಗೈಗೆ ಅದರ ಎದುರಿನ ಅಕ್ಷರಗಳು. ಅದನ್ನೇ ಹಾಳೆಯ ತಲೆಯಿಂದ ಬುಡದವರೆಗೆ ಹೊಡೆಯಬೇಕು, ಮಾರನೆಯ ದಿನ ಬಂದು ಮತ್ತೆ ಅದನ್ನೇ ಹೊಡೆಯಬೇಕು. ಆ ಸಾಲಿಗೆ ಅರ್ಥವಾದರೂ ಇದ್ದಿದ್ದರೆ ಸಹಿಸಿಕೊಳ್ಳುತ್ತಿದ್ದೆನೇನೋ.

ಕೆಲವೇ ದಿನಗಳಲ್ಲಿ ನಾನೊಂದು ಉಪಾಯ ಹೂಡಿದೆ. ಹಾಳೆಗಳ ನಡುವೆ ಕಾರ್ಬನ್ ಪೇಪರ್ ಇಟ್ಟು ಒಂದು ದಿನ ಹೊಡೆದು, ಉಳಿದ ದಿನ ಕಿಟಕಿಯಿಂದ ರಸ್ತೆ ನೋಡುತ್ತ ಕೂತು, ಹೊರಡುವಾಗ ದಿನಕ್ಕೊಂದು ಹಾಳೆ ಒಪ್ಪಿಸಿದೆ. ಮೊದಲ ದಿನದ್ದು ಕಪ್ಪಗಿತ್ತು, ಎರಡನೆಯ ದಿನದ್ದು ನೀಲಿ. ಮೇಷ್ಟ್ರು ಅಕ್ಷರದ ಮೇಲೆ ಬೆರಳುಜ್ಜಿ ಆ ನೀಲಿ ಬೆರಳನ್ನು ನನ್ನ ಮೂಗಿನ ಮುಂದೆ ಹಿಡಿದರು. ಅಮ್ಮನನ್ನು ಕರೆಸಿದರು.

"ಕೈ ಚೆನ್ನಾಗಿದೆ ಕಣಮ್ಮ ಇವಳದ್ದು. ಇಷ್ಟು ಬೇಗ ಯಾರಿಗೂ ಬೆರಳು ಕೂರಲ್ಲ. ಆದ್ರೆ ಇವಳು ಕೂರಲ್ಲ. ಕರ್ಕೊಂಡ್ಹೋಗಿ."

ಅಮ್ಮ ನನ್ನನ್ನು ಕರೆದುಕೊಂಡು ಮನೆಗೆ ಬಂದಳು. ಅಪ್ಪ ತೀರಿಹೋಗಿ ಆಗ ವರ್ಷವೂ ಕಳೆದಿರಲಿಲ್ಲ, ಮನೆಯಲ್ಲಿ ನಾವಿಬ್ಬರೇ. ಅವಳಿಗೆ ನನ್ನ ಟೈಪಿಂಗಿನ ಮೇಲೆ ಎಷ್ಟು ಆಸೆಯಿತ್ತು ಎನ್ನುವುದು ನನಗೆ ಗೊತ್ತಿತ್ತು, ಗೊತ್ತಿದ್ದೂ ಸಿಟ್ಟು ಬರುತ್ತಿತ್ತು. ಮಾರನೆಯ ದಿನ ಅವಳು ಚಿಕ್ಕಪೇಟೆಗೆ ಹೋಗಿ ರಾಮಕೋಟಿ ಪುಸ್ತಕಗಳ ಕಟ್ಟೊಂದನ್ನು ತಂದಳು. ಸಣ್ಣ ಸಣ್ಣ ಮನೆಗಳ ಚೌಕುಳಿ ಹಾಕಿದ ಪುಸ್ತಕಗಳು. ಒಂದೊಂದು ಮನೆಯಲ್ಲೂ ಶ್ರೀರಾಮ ಎಂದು ಬರೆಯುತ್ತ ಹೋಗಬೇಕು. ಹೆಸರಿಗೆ ಕೋಟಿ, ಆದರೆ ಕೋಟಿ ಮುಟ್ಟುವವರು ಅಪರೂಪ. ಅವರವರ ಶಕ್ತಿಗೆ ತಕ್ಕಂತೆ ಇಷ್ಟು ಎಂದು ಹರಕೆ ಹೊತ್ತು, ಮುಗಿದಮೇಲೆ ದೇವಸ್ಥಾನಕ್ಕೆ ಒಪ್ಪಿಸುತ್ತಾರೆ. ಅಮ್ಮ ಅಟ್ಟದಿಂದ ಅಪ್ಪನ ಸಣ್ಣ ಟ್ರಂಕನ್ನು ಇಳಿಸಿ, ಒರೆಸಿ, ಅದು ತುಂಬುವಷ್ಟು ಪುಸ್ತಕ ಬರೆಯುತ್ತೇನೆಂದು ಹರಕೆ ಹೊತ್ತಳು. ಯಾತಕ್ಕೆ ಎಂದು ಕೇಳಿದವರಿಗೆಲ್ಲ, ನಾನು ಎದುರಿಗಿದ್ದರೂ, ನೇರವಾಗಿ ಹೇಳಿಬಿಡುತ್ತಿದ್ದಳು.

"ಇವಳ ಮನಸ್ಸು ಒಂದ್ಕಡೆ ನಿಲ್ಲಲಿ ಅಂತ. ಇನ್ನೇನೂ ಬೇಡ ನಂಗೆ."

ಅವಮಾನದಿಂದ ನನಗೆ ಕಿವಿ ಬಿಸಿಯಾಗುತ್ತಿತ್ತು. ನನ್ನ ಚಂಚಲತೆಗೆ ವಠಾರದ ಮುಂದೆ ಬೋರ್ಡು ಹಾಕಿದಂತಾಗಿತ್ತು. ಮಧ್ಯಾಹ್ನ ಅಡುಗೆಮನೆ ಒರೆಸಿ, ಕಿಟಕಿಯ ಪಕ್ಕ ಕಾಲು ಚಾಚಿ, ಮಣೆಯ ಮೇಲೆ ಪುಸ್ತಕವಿಟ್ಟು ಅವಳು ಬರೆಯಲು ಕೂತರೆ ನಾನು ಸುಮ್ಮನೆ ಸುಳಿದಾಡಿ ಕೆಣಕುತ್ತಿದ್ದೆ.

"ಒಂದ್ಸಲ ಕರೆದ್ರೆ ರಾಮನಿಗೆ ಕೇಳ್ಸಲ್ವೇನಮ್ಮಾ?"

"ಒಂದ್ಸಲ ಕರೆದ್ರೆ ನಿಂಗೆ ಕೇಳ್ಸತ್ತಾ?" ಎನ್ನುತ್ತಿದ್ದಳು ತಲೆಯೆತ್ತದೆ.

ಅವಳು ಬರೆಯುತ್ತ ಹೋದಳು, ನಾನು ಎದ್ದು ಹೋಗುತ್ತ ಹೋದೆ. ಬಿ.ಎ. ಸೇರಿ ಒಂದು ವರ್ಷ ತಪ್ಪಿಸಿಕೊಂಡು ಹೇಗೋ ಮುಗಿಸಿದೆ. ಹೊಲಿಗೆ ಕಲಿಯಲು ಹೋಗಿ ಕಾಜಾ ಹಾಕುವ ಪಾಠದಲ್ಲಿ ಕತ್ತರಿ ಇಟ್ಟು ಬಂದೆ. ಕಲಾಸಿಪಾಳ್ಯದ ಒಂದು ಲಾರಿ ಆಫೀಸಿನಲ್ಲಿ ಗುಮಾಸ್ತೆಯಾದೆ, ಒಂದು ಶಾಲೆಯಲ್ಲಿ ಪಾಠ ಮಾಡಿದೆ. ಎರಡನೆಯ ವರ್ಷ ಅದೇ ಪುಸ್ತಕದ ಅದೇ ಪಾಠ ತೆಗೆದಾಗ ಅದನ್ನೂ ಬಿಟ್ಟೆ. ನೋಡಲು ಬಂದ ಗಂಡುಗಳೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದುದರಿಂದ ಆ ವ್ಯವಹಾರವೂ ಮುಂದುವರಿಯಲಿಲ್ಲ. ಟ್ರಂಕು ಮಾತ್ರ ತುಂಬುತ್ತ ಬಂತು.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ನಾನು ಮಲ್ಲೇಶ್ವರದ ಒಂದು ಕಂಪ್ಯೂಟರ್ ಆಫೀಸಿಗೆ ಸೇರಿದೆ. ಸಂಪಿಗೆ ರಸ್ತೆಯ ಮಗ್ಗುಲಲ್ಲಿ, ಕೆಳಗೆ ಪಾತ್ರೆ ಅಂಗಡಿ, ಮೇಲೆ ನಾವು. ಒಂದು ಕೋಣೆಯಲ್ಲಿ ಏಸಿಯ ಚಳಿ ಹಾಕಿಸಿಕೊಂಡು ಕೂತ ದೊಡ್ಡ ಯಂತ್ರ, ಹೊರಗಿನ ಹಜಾರದಲ್ಲಿ ಅದಕ್ಕೆ ತಂತಿ ಎಳೆದ ಕೆಲವು ಪರದೆಗಳು. ಪತ್ರಿಕೆಗಳ ಚಂದಾದಾರರ ವಿಳಾಸಗಳನ್ನು ತುಂಬಿಸಿ ಅಂಟುಚೀಟಿ ಮಾಡಿಕೊಡುವುದು ನಮ್ಮ ಕೆಲಸ. ಒಬ್ಬರಿಗೆ ಒಂದು ಸಾಲು. ಹಳೆಯ ಟೈಪಿಂಗಿನ ಬೆರಳುಗಳು ನನಗಿನ್ನೂ ಇದ್ದವು, ಅದಕ್ಕೇ ತೆಗೆದುಕೊಂಡರು. ಎಷ್ಟು ದಿನ ಇರುತ್ತೀಯ ಎಂದು ಅಮ್ಮ ಕೇಳಿದಳು. ನೋಡೋಣ ಎಂದೆ.

ಇದ್ದುಬಿಟ್ಟೆ. ಯಾಕೆಂದರೆ ಆ ಯಂತ್ರ ನನ್ನ ಸ್ವಭಾವದ್ದು. ವಿಳಾಸಗಳನ್ನು ನಾಲ್ಕಾರು ಜನ ನಾಲ್ಕಾರು ಕಡೆಯಿಂದ ತುಂಬಿಸುತ್ತಿದ್ದುದರಿಂದ ಒಂದೇ ಸಾಲು ಮತ್ತೆ ಮತ್ತೆ ನುಸುಳುತ್ತಿತ್ತು. ಒಬ್ಬರ ಮನೆಗೆ ಒಂದೇ ಸಂಚಿಕೆ ಮೂರು ಪ್ರತಿ ಹೋಗಿ ಪತ್ರಿಕೆಯವರು ಕೂಗಾಡುತ್ತಿದ್ದರು. ಒಂದು ದಿನ ಸಿಸ್ಟಮ್ ನೋಡಿಕೊಳ್ಳುತ್ತಿದ್ದ ಸಹೋದ್ಯೋಗಿ ನನಗೊಂದು ಅಪ್ಪಣೆ ಕಲಿಸಿಕೊಟ್ಟ. ಕಪ್ಪು ಪರದೆಯ ಮೇಲೆ ಯೂನಿಕ್ ಎಂದು ಟೈಪು ಮಾಡಿ, ಮುಂದೆ ಫೈಲಿನ ಹೆಸರು ಕೊಟ್ಟು ಎಂಟರ್ ಒತ್ತಿದರೆ ಸಾಕು, ಹಿಂದಿನ ಸಾಲನ್ನೇ ಮತ್ತೆ ಹೇಳುವ ಸಾಲುಗಳೆಲ್ಲ ಉದುರಿಹೋಗುತ್ತವೆ. "ಆಗ್ಲೇ ಹೇಳಿದ್ರಲ್ಲ" ಎಂದು ಎದ್ದು ಹೋಗುವ ಯಂತ್ರ! ಇಷ್ಟು ವರ್ಷ ಎಲ್ಲಿದ್ದೆಯಪ್ಪ ಎಂದು ಅದರ ಬೆನ್ನು ತಟ್ಟಬೇಕೆನಿಸಿತು.

ಅದಕ್ಕೊಂದು ಮಿತಿಯಿತ್ತು. ಒಂದರ ಕೆಳಗೊಂದು ಅಂಟಿಕೊಂಡಿರುವ ಸಾಲುಗಳನ್ನು ಮಾತ್ರ ಅದು ಹೋಲಿಸಿ ನೋಡುತ್ತಿತ್ತು. ನಡುವೆ ಬೇರೊಂದು ಸಾಲು ಬಂದರೆ ಹಿಂದಿನದನ್ನು ಮರೆತೇಬಿಡುತ್ತಿತ್ತು. ಹಾಗಾಗಿ ಮೊದಲು ಸಾರ್ಟ್ ಎಂಬ ಅಪ್ಪಣೆಯಿಂದ ಇಡೀ ಫೈಲನ್ನು ಅಕ್ಷರದ ಸರದಿಯಲ್ಲಿ ನಿಲ್ಲಿಸಬೇಕು, ಒಂದೇ ಬಗೆಯವು ಪಕ್ಕಪಕ್ಕಕ್ಕೆ ಬರುತ್ತವೆ, ಆಮೇಲೆ ಗುಡಿಸಬೇಕು. ಇನ್ನೊಂದು ತೊಡಕೂ ಇತ್ತು. ನಮ್ಮ ಕಣ್ಣಿಗೆ ಒಂದೇ ಥರ ಕಂಡರೂ ಸಾಲಿನ ಕೊನೆಯಲ್ಲಿ ಯಾರೋ ಖಾಲಿ ಜಾಗದ ಕೀಲಿ ಒತ್ತಿದ್ದರೆ ಯಂತ್ರಕ್ಕೆ ಅದು ಬೇರೆಯೇ ಸಾಲು. ಅದನ್ನೂ ಕತ್ತರಿಸುವಂತೆ ಮಾಡಿ, ಎಲ್ಲವನ್ನೂ ಒಂದಕ್ಕೊಂದು ಪೋಣಿಸಿ ಒಂದೇ ಅಪ್ಪಣೆಯನ್ನು ನಾನೇ ಕಟ್ಟಿದೆ. ಪೊರಕೆ ಎಂದು ಹೆಸರಿಟ್ಟೆ. ಪೊರಕೆ ಬಂದಮೇಲೆ ಪತ್ರಿಕೆಯವರ ಕೂಗಾಟ ನಿಂತಿತು. ನಾನು ಕೊಂಬು ಬಂದವಳ ಹಾಗೆ ಓಡಾಡಿದೆ.

ಆ ಬೇಸಿಗೆಯಲ್ಲಿ ಅಮ್ಮನಿಗೆ ಲಕ್ವ ಹೊಡೆಯಿತು. ಜೋರಾಗಿ ಅಲ್ಲ. ಮಾತು ಉಳಿಯಿತು, ಕಾಲು ಒಂದೆರಡು ತಿಂಗಳಲ್ಲಿ ಎಳೆದುಕೊಂಡಾದರೂ ನಡೆಯುವಷ್ಟಾಯಿತು. ಬಲಗೈ ಮಾತ್ರ ಬರಲಿಲ್ಲ. ಮಡಿಲಲ್ಲಿ ಮಲಗಿದ ಮಗುವಿನ ಹಾಗೆ ಅದನ್ನು ಎಡಗೈಯಲ್ಲಿ ಹಿಡಿದುಕೊಂಡು ಕೂರುತ್ತಿದ್ದಳು. ಟ್ರಂಕಿನ ಕೊನೆಯ ಪುಸ್ತಕ ಅರ್ಧಕ್ಕೆ ನಿಂತಿತ್ತು.

ಎಡಗೈಯಲ್ಲಿ ಪ್ರಯತ್ನಿಸಿದಳು. ಅಕ್ಷರ ಒಂದು ಮನೆಯಿಂದ ಹೊರಟು ಪಕ್ಕದ ಮನೆಗೆ ನುಗ್ಗುತ್ತಿತ್ತು. ಒಂದು ಸಂಜೆ ನಾನು ಬಂದಾಗ ಪೆನ್ನು ಮೂಲೆಯಲ್ಲಿ ಬಿದ್ದಿತ್ತು, ಅಮ್ಮ ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. ಅಪ್ಪ ಹೋದಾಗಲೂ ನನ್ನ ಮುಂದೆ ಅತ್ತವಳಲ್ಲ. ನನಗೆ ಅದನ್ನು ನೋಡಲಾಗಲಿಲ್ಲ, ಹಾಗಾದಾಗಲೆಲ್ಲ ನನ್ನ ಬಾಯಿಂದ ಬರುವುದು ಒರಟು ಮಾತೇ.

"ಅದಕ್ಯಾಕಮ್ಮ ಅಳ್ತೀಯ? ಆಫೀಸಲ್ಲಿ ಒಂದು ಕಮಾಂಡ್ ಕೊಟ್ರೆ ಉಳಿದಿದ್ದಷ್ಟೂ ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ಬಂದ್ಬಿಡತ್ತೆ. ಪ್ರಿಂಟ್ ತಂದ್ಕೊಡ್ತೀನಿ, ಟ್ರಂಕಿಗೆ ಹಾಕು."

"ಯಾರು ಬರೆದ ಹಾಗಾಯ್ತು ಅದು?"

"ಮಿಷಿನ್ನು."

"ಹರಕೆ ಹೊತ್ತಿದ್ದು ಮಿಷಿನ್ನಾ?"

ಒಂದು ವಾರ ನನ್ನೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟುತ್ತಿದ್ದಾಗ ಹಿಂದಿನಿಂದ ಕೇಳಿದಳು.

"ನಿನ್ ಮಿಷಿನ್ನಲ್ಲಿ ನಾನೇ ಒಂದೊಂದಾಗಿ ಹೊಡೀಬಹುದಾ? ಎಡಗೈ ಬೆರಳಲ್ಲಿ?"

ಶನಿವಾರ ಮಧ್ಯಾಹ್ನಕ್ಕೆ ಆಫೀಸು ಮುಗಿಯುತ್ತಿತ್ತು. ಸಿಸ್ಟಮ್ಮಿನ ಸಹೋದ್ಯೋಗಿ ಮಾತ್ರ ಸಂಜೆಯ ತನಕ ಇರುತ್ತಿದ್ದ. ಯಜಮಾನರನ್ನು ಕೇಳಿದೆ, ನಕ್ಕು ಒಪ್ಪಿಕೊಂಡರು. ಆ ಶನಿವಾರ ನಾನು ಮಧ್ಯಾಹ್ನ ಮನೆಗೆ ಹೋಗಿ ಅಮ್ಮನನ್ನು ಆಟೋದಲ್ಲಿ ಕರೆತಂದು, ಮೆಟ್ಟಿಲು ಹತ್ತಿಸಿ ಪರದೆಯ ಮುಂದೆ ಕೂರಿಸಿದೆ. ಇಂಗ್ಲಿಷ್ ಅಕ್ಷರ ಮಾತ್ರ ಬರುತ್ತದೆ, ಪರವಾಗಿಲ್ಲವೇ ಎಂದು ಕೇಳಿದೆ. ಅವಳು ಸ್ವಲ್ಪ ಯೋಚಿಸಿದಳು.

"ಪರವಾಗಿಲ್ಲ ಬಿಡು. ರಾಮನಿಗೇನು ಇಂಗ್ಲಿಷ್ ಬರಲ್ವಾ?"

ಇಂಗ್ಲಿಷಿನಲ್ಲಿ ಶ್ರೀರಾಮ ಎಂದು ಬರೆಯಲು ಐದೇ ಕೀಲಿ ಸಾಕು. ಅವುಗಳನ್ನು ತೋರಿಸಿಕೊಟ್ಟೆ. ಅಮ್ಮ ಸೆರಗಿನ ಗಂಟಿನಿಂದ ಒಂದು ಸಣ್ಣ ಪೊಟ್ಟಣ ಬಿಚ್ಚಿ, ನಾನು ತಡೆಯುವ ಮೊದಲೇ, ಐದಕ್ಕೂ ಕುಂಕುಮ ಇಟ್ಟುಬಿಟ್ಟಳು. ಸಾಲು ಮುಗಿಸುವ ಎಂಟರ್ ಕೀಲಿಗೆ ಅರಿಸಿನ. ಸಹೋದ್ಯೋಗಿ ಓಡಿ ಬಂದ.

"ಅಯ್ಯೋ ಅಮ್ಮಾ, ಒಳಗೆ ಪುಡಿ ಹೋದ್ರೆ ಕೀಬೋರ್ಡ್ ಹಾಳಾಗತ್ತೆ. ಇದು ತುಂಬಾ ಕಾಸ್ಟ್ಲಿ."

"ಒಳ್ಳೇದೇ ಆಗತ್ತೆ ಕಣಪ್ಪ, ನೋಡ್ತಿರು," ಎಂದಳು ಅಮ್ಮ. ಅವನು ತಲೆ ಕೆರೆದುಕೊಂಡು ಹೋದ. ಮುಂದಿನ ಶನಿವಾರ ಅವನೇ ಕೆಳಗಿನಿಂದ ಅವಳಿಗೆ ಕಾಫಿ ತರಿಸಿದ. ಅಮ್ಮನ ಎದುರು ಯಾರ ಸಿಟ್ಟೂ ಹೆಚ್ಚು ದಿನ ನಿಲ್ಲುವುದಿಲ್ಲ, ನನ್ನದೊಂದನ್ನು ಬಿಟ್ಟು.

ತೋರುಬೆರಳೊಂದನ್ನು ಎತ್ತಿ, ಕುಂಕುಮ ಹುಡುಕಿ, ಒತ್ತಿ, ತುಟಿಯಲ್ಲಿ ಹೆಸರು ಹೇಳಿಕೊಂಡು ಅವಳು ಸಾಲಿಗೆ ಸಾಲು ಇಳಿಸುತ್ತಿದ್ದಳು. ಬೆರಳು ನಡುಗಿ ಪಕ್ಕದ ಕೀಲಿಯೂ ಬೀಳುತ್ತಿತ್ತು. ಒಂದೇ ಅಕ್ಷರ ಎರಡು ಸಲ, ಒಮ್ಮೆ ಒಂದು ಬಿಟ್ಟು, ಒಮ್ಮೆ ಪೂರ್ತಿ ಅಡಿಮೇಲು. ತಪ್ಪನ್ನು ಅಳಿಸುವ ಕೀಲಿಯನ್ನು ತೋರಿಸಿದೆ. ಮುಟ್ಟಲೇ ಇಲ್ಲ.

"ಬರೆದ ಹೆಸರು ಅಳಿಸ್ಬಾರದು. ತಪ್ಪಾಗಿದ್ದು ಲೆಕ್ಕಕ್ಕಿಲ್ಲ ಅಷ್ಟೇ. ಇರ್ಲಿ ಅದು."

ಅವಳು ಕೂತಿದ್ದಷ್ಟು ಹೊತ್ತು ನನಗೆ ಮುಳ್ಳಿನ ಮೇಲೆ ಇದ್ದ ಹಾಗೆ. ಹಜಾರದಲ್ಲಿ ಆ ತುದಿಯಿಂದ ಈ ತುದಿಗೆ ಓಡಾಡುತ್ತಿದ್ದೆ. ಕೆಳಗಿಳಿದು ಸಂಪಿಗೆ ರಸ್ತೆಯ ಅಂಗಡಿಗಳ ಮುಂದೆ ಒಂದು ಸುತ್ತು ಹೊಡೆದು, ಬೇಡದ ಹೂವು, ಬೇಡದ ಕಡಲೆಕಾಯಿ ಕೊಂಡು ಮೇಲೆ ಬಂದರೆ ಅಮ್ಮ ಇನ್ನೂ ಅದೇ ಪರದೆಯ ಮೇಲಿರುತ್ತಿದ್ದಳು. ಆಯ್ತಾ, ಇನ್ನೂ ಆಗ್ಲಿಲ್ವಾ, ಹೊರಡೋಣ್ವಾ ಎಂದು ಅವಳನ್ನು ಕಾಡುತ್ತಿದ್ದೆ. ಮಳೆಗಾಲವೆಲ್ಲ ಹೀಗೇ ಕಳೆಯಿತು. ಫೈಲು ಬೆಳೆಯಿತು. ಅದನ್ನು ನಾನು ವಿಳಾಸಗಳಿದ್ದ ಜಾಗದಲ್ಲೇ ಇಟ್ಟಿದ್ದೆ. ನನಗೆ ಬರೆಯಲು ಅನುಮತಿಯಿದ್ದ ಜಾಗ ಅದೊಂದೇ. ತಪ್ಪು ನನ್ನದಲ್ಲ ಎಂದು ಈಗಲೂ ವಾದಿಸಬಲ್ಲೆ.

ದಸರೆಯ ಹಿಂದುಮುಂದಿನ ಒಂದು ಶುಕ್ರವಾರ ನಾನು ಅಂಟುಚೀಟಿಗಳ ಕಟ್ಟು ಕೊಡಲು ಕುಮಾರ ಪಾರ್ಕಿನ ಗಿರಾಕಿಯೊಬ್ಬರ ಮನೆಗೆ ಹೋಗಿದ್ದೆ. ಆ ಹೊತ್ತಿಗೆ ಯಂತ್ರದ ಹೊಟ್ಟೆ ತುಂಬಿ ಕೆಲಸ ನಿಂತಿತಂತೆ. ಸಹೋದ್ಯೋಗಿ ಜಾಗ ಮಾಡಲು ನನ್ನ ಪೊರಕೆಯನ್ನೇ ತೆಗೆದುಕೊಂಡು, ಅಲ್ಲಿದ್ದ ಫೈಲುಗಳ ಮೇಲೆಲ್ಲ ಒಟ್ಟಿಗೆ ಆಡಿಸಿದ.

ಮಾರನೆಯ ದಿನ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಕೊಡೆಯನ್ನು ಕಿಟಕಿಗೆ ಸಿಕ್ಕಿಸಿ, ಅವಳ ಫೈಲು ತೆರೆದೆ. ಹಿಂದೆಲ್ಲ ಅದರ ತುದಿ ಮುಟ್ಟಲು ಕೀಲಿಯನ್ನು ಒತ್ತಿ ಹಿಡಿದುಕೊಂಡು ಕಾಯಬೇಕಿತ್ತು. ಈಗ ತೆರೆದ ಕೂಡಲೇ ತುದಿ. ಇಡೀ ಫೈಲು ಒಂದು ಪರದೆಗೂ ಸಾಲದು. ನೋಡಿದರೆ ಎಲ್ಲ ತಪ್ಪು ಸಾಲುಗಳೇ. ಅಕ್ಷರ ಹಾರಿದ್ದು, ಅಕ್ಷರ ಹೆಚ್ಚಾದದ್ದು, ಅಡಿಮೇಲಾದದ್ದು, ಒಂದೊಂದು ಬಗೆಗೆ ಒಂದೊಂದು. ಅವುಗಳ ನಡುವೆ ಸರಿಯಾದ ಶ್ರೀರಾಮ ಒಂದೇ ಒಂದು.

ನನಗೆ ಅರ್ಥವಾಗಲು ಒಂದು ಕ್ಷಣ ಸಾಕಾಯಿತು, ಪೊರಕೆ ಕಟ್ಟಿದವಳು ನಾನೇ ತಾನೆ. ಸರಿಯಾದ ಸಾಲುಗಳೆಲ್ಲ ಒಂದೇ ಥರ ಇದ್ದವು, ಆದ್ದರಿಂದ ಒಂದನ್ನುಳಿಸಿ ಮಿಕ್ಕದ್ದನ್ನು ಗುಡಿಸಿ ಹಾಕಿತ್ತು. ತಪ್ಪುಗಳು ಒಂದಕ್ಕಿಂತ ಒಂದು ಬೇರೆ, ಅವನ್ನೆಲ್ಲ ಜೋಪಾನವಾಗಿ ಉಳಿಸಿಕೊಂಡಿತ್ತು. ಒಳಗಿನ ಕೋಣೆಗೆ ಹೋಗಿ ಸಹೋದ್ಯೋಗಿಯನ್ನು ಕೇಳಿದೆ. ಹಿಂದಿನ ದಿನ ಪೊರಕೆ ಆಡಿಸಿದ್ದನ್ನು ಅವನು ಹೇಳಿದ. ಟೇಪಿನಲ್ಲಿ ಹಳೆಯ ಪ್ರತಿ ಇದೆಯೇ ಎಂದೆ. ವಿಳಾಸಗಳದ್ದು ಬಿಟ್ಟರೆ ಬೇರೆ ಯಾವುದನ್ನೂ ಇಡುವುದಿಲ್ಲ ಎಂದ. ನಾನು ಬಾಯಿಗೆ ಬಂದಂತೆ ಬೈದೆ. ಅವನು ಸುಮ್ಮನೆ ಬೈಸಿಕೊಂಡು, ಕೊನೆಗೆ ದನಿ ತಗ್ಗಿಸಿದ.

"ಮೇಡಂ, ಒಂದು ಲೂಪ್ ಹಾಕಿ ಮಿಷಿನ್ ಕೈಲೇ ಅದೇ ಸಾಲು ತುಂಬ್ಸಿಬಿಡ್ಲಾ? ಎಷ್ಟಿತ್ತೋ ಅಷ್ಟು. ಎರಡು ನಿಮಿಷ. ಅಮ್ಮಂಗೆ ಗೊತ್ತೂ ಆಗಲ್ಲ."

ಗೊತ್ತಾಗುತ್ತಿರಲಿಲ್ಲ, ನಿಜ. ಹೂಂ ಎನ್ನಲು ನನ್ನ ಬಾಯಿ ಅರ್ಧ ತೆರೆದೂ ಇತ್ತು. ಅಷ್ಟರಲ್ಲಿ ಹಜಾರದಿಂದ ಅಮ್ಮನ ದನಿ ಬಂತು.

"ಏನ್ರೋ ಅದು ಗುಸುಗುಸು? ನನ್ ಪುಸ್ತಕ ತೆಗ್ದುಕೊಡೇ, ಹೊತ್ತಾಗತ್ತೆ."

ನನ್ನ ಪುಸ್ತಕ ಎಂದಳು. ಆ ಮಾತು ಕೇಳಿದ ಮೇಲೆ ನನಗೆ ಹೂಂ ಎನ್ನಲಾಗಲಿಲ್ಲ. ಹೊರಗೆ ಬಂದು ಅವಳ ಪಕ್ಕ ನಿಂತು ಆದದ್ದನ್ನು ಆದಹಾಗೆ ಹೇಳಿದೆ. ಈ ಯಂತ್ರಕ್ಕೆ ಒಮ್ಮೆ ಹೇಳಿದ್ದನ್ನು ಮತ್ತೆ ಹೇಳಿದರೆ ಆಗುವುದಿಲ್ಲ, ಅದಕ್ಕೇ ಅದು ತೆಗೆದುಹಾಕಿತು ಎಂದೆ.

"ನಿನ್ ಹಾಗೇ," ಎಂದಳು ಅಮ್ಮ.

ಕನ್ನಡಕ ಸರಿಮಾಡಿಕೊಂಡು ಪರದೆಗೆ ಬಗ್ಗಿ ಒಂದೊಂದೇ ಸಾಲನ್ನು ಬೆರಳಿಟ್ಟು ನೋಡಿದಳು. ತುಂಬ ಹೊತ್ತು ನೋಡಿದಳು. ನಾನು ಅವಳು ಅಳುವುದನ್ನು ಕಾಯುತ್ತಿದ್ದೆ. ಅವಳು ನಕ್ಕಳು.

"ಚೆನ್ನಾಗಿದೆ ನಿಮ್ ಮಿಷಿನ್ನು. ಸರಿ ಬರೆದಿದ್ದೆಲ್ಲ ಬಿಸಾಕಿ, ತಪ್ಪುಗಳನ್ನ ಒಂದೂ ಬಿಡದೆ ಇಟ್ಕೊಂಡಿದೆ. ದೇವ್ರಾಗಿದ್ರೆ ಉಲ್ಟಾ ಮಾಡ್ತಿದ್ದ."

ಸಹೋದ್ಯೋಗಿ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡ. ಅಮ್ಮ ಬೆರಳೆತ್ತಿ ಮೊದಲ ಕೀಲಿಯ ಮೇಲಿಟ್ಟಳು. ಅದರ ಮೇಲಿನ ಕುಂಕುಮ ಮಾಸಿ ಹೋಗಿತ್ತು. ಒತ್ತಲಿಲ್ಲ. ಕೈಯನ್ನು ಮತ್ತೆ ಮಡಿಲಿಗೆ ತಂದುಕೊಂಡಳು. ನಗು ಎಲ್ಲೋ ಹೋಗಿತ್ತು.

"ಮೊದಲಿಂದ ಶುರು ಮಾಡೋಕೆ ನನ್ ಕೈಲಿ ಆಗಲ್ಲ ಕಣೆ. ಈ ಕೈನೂ ನೋಯತ್ತೆ. ನಿಂಗೆ ಹೇಳಿರ್ಲಿಲ್ಲ."

ಎಷ್ಟು ಶನಿವಾರ ಅವಳ ಹಿಂದೆ ನಿಂತು ಹೊರಡೋಣ ಹೊರಡೋಣ ಎಂದಿದ್ದೆ. ಅವಳ ಕೈ ನೋಯುತ್ತಿದೆಯೇ ಎಂದು ಒಮ್ಮೆಯೂ ಕೇಳಿರಲಿಲ್ಲ. ಪಕ್ಕದ ಕುರ್ಚಿ ಎಳೆದುಕೊಂಡು ಕೀಲಿಮಣೆಯನ್ನು ನನ್ನ ಕಡೆ ತಿರುಗಿಸಿಕೊಂಡೆ.

"ನೀನು ಹೇಳು. ನಾನು ಹೊಡೀತೀನಿ."

"ನೀನಾ?" ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಅರ್ಧ ಹಾಳೆ ಕೂರಲ್ಲ ನೀನು."

"ಹೇಳಮ್ಮಾ."

"ಒಳಗೆ ಏನೋ ಅಂತಿದ್ರಲ್ಲ, ಆ ಲೂಪು ಗೀಪು ಹಾಕ್ಬಾರದು. ನಾನು ಒಂದ್ಸಲ ಹೇಳಿದ್ರೆ ನೀನು ಒಂದ್ಸಲ. ಬಾಯಿ ನಂದು, ಕೈ ನಿಂದು."

ಹಾಗೆ ಶುರುವಾಯಿತು. ಅವಳು ಶ್ರೀರಾಮ ಎನ್ನುವುದು, ನಾನು ಹೊಡೆಯುವುದು. ಸಹೋದ್ಯೋಗಿ ಆ ಫೈಲಿಗೊಂದು ಬೇರೆ ಜಾಗ ಮಾಡಿಕೊಟ್ಟು, ಪೊರಕೆಯ ಕಣ್ಣಿಗೆ ಅದು ಬೀಳದಂತೆ ನೋಡಿಕೊಂಡ. ಉಳಿದಿದ್ದ ಆ ತಪ್ಪುಗಳನ್ನು ತೆಗೆಯಲು ಅಮ್ಮ ಬಿಡಲಿಲ್ಲ. ಅವುಗಳ ಕೆಳಗಿನಿಂದಲೇ ಹೊಸದು ಬೆಳೆಯಿತು.

ಭಕ್ತಿಯಿಂದ ಮಾಡಿದೆ ಎಂದು ಹೇಳಿದರೆ ಸುಳ್ಳಾದೀತು. ಮೊದಲ ಶನಿವಾರ ಐದು ನಿಮಿಷದಲ್ಲೇ ಬೆನ್ನು ತುರಿಸತೊಡಗಿತು, ಆಮೇಲೆ ಮೂಗು, ಆಮೇಲೆ ಅಂಗಾಲು. ಮೇಜಿನ ಕೆಳಗೆ ಕಾಲು ತನ್ನಷ್ಟಕ್ಕೆ ಕುಣಿಯುತ್ತಿತ್ತು. ಟೈಪಿಂಗ್ ಮೇಷ್ಟ್ರ ನೀಲಿ ಬೆರಳು ಕಣ್ಣ ಮುಂದೆ ಬರುತ್ತಿತ್ತು. ಇದನ್ನೇ ಯಂತ್ರಕ್ಕೆ ಹೇಳಿದ್ದರೆ ಈ ಹೊತ್ತಿಗೆ ಮುಗಿಸಿ ಮನೆಯಲ್ಲಿ ಕಾಫಿ ಕುಡಿಯುತ್ತಿರಬಹುದಿತ್ತು ಎಂಬ ಯೋಚನೆ ಪ್ರತಿ ಸಾಲಿಗೂ ಬರುತ್ತಿತ್ತು. ಅದೂ ಒಂದು ಜಪವೇ ಆಗಿಹೋಯಿತು. ನಡುವೆ ಎದ್ದು ನೀರು ಕುಡಿದು ಬರುತ್ತಿದ್ದೆ. ನಾನು ಮತ್ತೆ ಕೂರುವವರೆಗೆ ಅಮ್ಮ ಹೆಸರನ್ನು ಬಾಯಲ್ಲೇ ಹಿಡಿದುಕೊಂಡಿರುತ್ತಿದ್ದಳು. ಚಳಿಗಾಲ ಬಂತು. ಪುಸ್ತಕದ ಖಾಲಿ ಮನೆಗಳಿಗೆ ಸರಿಯಾಗುವಷ್ಟು ಸಾಲು ಇನ್ನೂ ಆಗಿರಲಿಲ್ಲ, ಆದರೆ ತುದಿ ದೂರದಲ್ಲಿ ಕಾಣುತ್ತಿತ್ತು.

ಸಂಕ್ರಾಂತಿ ಕಳೆದ ಮೇಲಿನ ಒಂದು ಶನಿವಾರ. ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ಅಮ್ಮನ ಮಡಿಲ ಮೇಲೆ ಬಿದ್ದಿತ್ತು. ಕೆಳಗಿನ ಅಂಗಡಿಯಲ್ಲಿ ಯಾರೋ ಪಾತ್ರೆಯ ಮೇಲೆ ಹೆಸರು ಕೊರೆಸುತ್ತಿದ್ದರು, ಟಿಕ್ ಟಿಕ್ ಎಂದು ಒಂದೇ ಸದ್ದು. ಅಮ್ಮ ಹೇಳುತ್ತಿದ್ದಳು, ನಾನು ಹೊಡೆಯುತ್ತಿದ್ದೆ. ಏನು ಯೋಚಿಸುತ್ತಿದ್ದೆನೋ ನೆನಪಿಲ್ಲ. ಬಹುಶಃ ಏನನ್ನೂ ಯೋಚಿಸುತ್ತಿರಲಿಲ್ಲ.

ಭುಜದ ಮೇಲೆ ಕೈ ಬಿದ್ದಾಗ ಬೆಚ್ಚಿದೆ. ಬಿಸಿಲು ಮಡಿಲಿನಿಂದ ಇಳಿದು ಎದುರು ಗೋಡೆ ಹತ್ತಿತ್ತು. ಪಾತ್ರೆಯ ಸದ್ದು ಯಾವಾಗಲೋ ನಿಂತಿತ್ತು. ಅಮ್ಮನ ಕಣ್ಣು ನಿದ್ದೆಯಿಂದ ಕೆಂಪಾಗಿತ್ತು, ಕೆನ್ನೆಯ ಮೇಲೆ ಕುರ್ಚಿಯ ಬೆತ್ತದ ಗುರುತು ಬಿದ್ದಿತ್ತು.

"ನಾನು ನಿದ್ದೆ ಹೋಗ್ಬಿಟ್ಟಿದ್ದೆ ಕಣೆ. ಆವಾಗ್ಲೇ."

"ಹೌದಾ?"

"ಮಧ್ಯದಲ್ಲಿ ಒಂದ್ಸಲ ಎಚ್ಚರ ಆಯ್ತು. ನೀನು ಹೊಡೀತಾನೇ ಇದ್ದೆ. ಸುಮ್ನೆ ನೋಡ್ತಾ ಇದ್ದು ಮತ್ತೆ ಮಲ್ಕೊಂಡೆ."

ನಾನು ಪರದೆ ನೋಡಿದೆ. ಎಲ್ಲಿಯವರೆಗೆ ಅವಳು ಹೇಳಿದ್ದು, ಎಲ್ಲಿಂದ ಅವಳು ಹೇಳದೇ ಇದ್ದದ್ದು ಎಂದು ಗೊತ್ತಾಗುವಂತಿರಲಿಲ್ಲ. ಎಲ್ಲ ಒಂದೇ ಥರ ಇತ್ತು. ನನಗೆ ಗಾಬರಿಯಾಯಿತು.

"ಬಾಯಿ ನಂದು ಅಂತ ನೀನೇ ಅಂದಿದ್ದೆಯಲ್ಲ. ಇಷ್ಟೂ ಲೆಕ್ಕಕ್ಕೆ ಬರಲ್ವಾ ಹಾಗಾದ್ರೆ?"

ಅಮ್ಮ ಕುರ್ಚಿ ಹಿಡಿದು ಎದ್ದು ನಿಂತಳು. ಎಡಗೈಯಿಂದ ನನ್ನ ತಲೆ ಸವರಿ, ಸೆರಗು ಸರಿಮಾಡಿಕೊಂಡು, ಬಿಸಿಲಿಗೆಂದು ತಂದು ಕಿಟಕಿಗೆ ಸಿಕ್ಕಿಸಿದ್ದ ಕೊಡೆ ತೆಗೆದುಕೊಂಡಳು.

"ಸಾಕು. ಇಷ್ಟನ್ನ ಪ್ರಿಂಟ್ ಮಾಡ್ಸಿ ಟ್ರಂಕಿಗೆ ಹಾಕು. ಸೋಮವಾರ ದೇವಸ್ಥಾನಕ್ಕೆ ಕೊಟ್ಬಿಡೋಣ."

"ಇನ್ನೂ ಇದೆಯಲ್ಲಮ್ಮ. ಪೂರ್ತಿ ಆಗಿಲ್ಲ."

"ಯಾತಕ್ಕೆ ಶುರು ಮಾಡಿದ್ನೋ ಅದು ಆಯ್ತಲ್ಲ. ಏಳು."

ನಾನು ಏಳಲಿಲ್ಲ. ಏಳಲು ನನಗೆ ಮನಸ್ಸು ಬರಲಿಲ್ಲ, ನನ್ನ ಬದುಕಿನಲ್ಲಿ ಮೊದಲ ಸಲ. ಅಳು ಬಂತು, ಸಹೋದ್ಯೋಗಿ ನೋಡುತ್ತಿದ್ದಾನೆ ಎಂಬ ನಾಚಿಕೆಯೂ ಇಲ್ಲದೆ ಅತ್ತೆ. ಅಮ್ಮ ಕೊಡೆ ಹಿಡಿದು ಬಾಗಿಲಲ್ಲಿ ಕಾದಳು.

ಆವತ್ತು ಆಟೋ ಬೇಡವೆಂದು ಅವಳೇ ಹೇಳಿದ್ದರಿಂದ ಬಸ್ ಸ್ಟಾಪಿಗೆ ನಿಧಾನವಾಗಿ ನಡೆದೆವು. ಅವಳನ್ನು ಕಲ್ಲುಬೆಂಚಿನ ಮೇಲೆ ಕೂರಿಸಿದೆ. ಬಸ್ಸು ತಡ ಮಾಡಿತು. ನಾನು ರಸ್ತೆಗಿಳಿದು ಇಣುಕಿದೆ, ಮೇಲೆ ಬಂದೆ, ಮತ್ತೆ ಇಳಿದೆ, ಥೂ ಏನು ಬಸ್ಸೋ ಎಂದು ಗೊಣಗುತ್ತ ಆ ಕಂಬದಿಂದ ಈ ಕಂಬಕ್ಕೆ ಓಡಾಡತೊಡಗಿದೆ. ಅಮ್ಮ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, ನನ್ನ ಕಡೆ ನೋಡದೆ, ನಗು ತಡೆದುಕೊಂಡು ಕೂತಿದ್ದಳು.